ಆರು ಪರ್ಸೆಂಟ್ ಬಡ್ಡಿ, ಮೂರು ರೂಪಾಯಿ ಬಡ್ಡಿ

ಹೋದ ವಾರ ಆಳಂದ ಕಡೆಯ ಪರಿಚಯದ ಹುಡುಗನೊಬ್ಬ ಕಲಬುರಗಿಯ ಆಸ್ಪತ್ರೆಯಿಂದ ಫೋನ್ ಮಾಡಿದ್ದ. ಅವನ ತಂದೆಗೆ ಕಾರು ಗುದ್ದಿ ತೊಡೆ ಎಲುಬು ಮುರಿದಿದೆ. ಕಾರಿನವರ ಕಡೆಯಿಂದ ಇಬ್ಬರು ಹಿರಿಯರು ಬಂದು ವಾರ್ಡಿನ ಹೊರಗೆ ಕೂತಿದ್ದಾರೆ.

"ಅಣ್ಣಾ, ನಲವತ್ತು ಸಾವಿರ ಕೊಡ್ತೀವಿ, ಕಂಪ್ಲೇಂಟ್ ಬ್ಯಾಡ ಅನ್ಲಿಕತ್ತಾರ. ಕೇಸ್ ಅಂದ್ರ ಐದಾರು ವರ್ಷ ಹಿಡೀತದಂತ. ತಗೊಂಡು ಸುಮ್ನಾಗ್ಲೇನು?"

ನಾನು ವಕೀಲನಲ್ಲ. ಆದರೆ ನಮ್ಮ ಮಾವನ, ಅಂದರೆ ಅಕ್ಕನ ಗಂಡನ ಕೇಸಿನ ಹಿಂದೆ ಆರು ವರ್ಷ ತಿರುಗಿದ್ದೇನೆ. ಎಕ್ಸ್‌ರೇ ಕವರು, ಬಿಲ್ಲು, ಡಿಸ್ಚಾರ್ಜ್ ಕಾರ್ಡು ಎಲ್ಲ ಒಂದು ಹಳದಿ ಬಟ್ಟೆ ಅಂಗಡಿ ಚೀಲದಲ್ಲಿ ಹಾಕಿಕೊಂಡು ಓಡಾಡಿದ್ದೇ ಓಡಾಡಿದ್ದು. ಹಾಗಾಗಿ ಆ ಹುಡುಗನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮಾವ ಫರ್ಸಿ, ಅಂದರೆ ನೆಲಕ್ಕೆ ಕಲ್ಲು, ಹಾಕುವ ಗೌಂಡಿ. ಶಹಾಬಾದ್ ಕಲ್ಲಿನ ಕೆಲಸದಲ್ಲಿ ಕೈ ಚೊಲೋ ಇತ್ತು. 2019ರ ಫೆಬ್ರವರಿಯಲ್ಲಿ ಕಮಲಾಪುರದ ಕಡೆಯಿಂದ ಬೈಕಿನಲ್ಲಿ ಬರುವಾಗ ಹಿಂದಿನಿಂದ ಕಾರು ಗುದ್ದಿತು. ಆಗ ಅವರಿಗೆ 34 ವರ್ಷ. ಬಲಗಾಲಿನ ತೊಡೆ ಎಲುಬು ಮೊಣಕಾಲಿನ ಹತ್ತಿರವೇ ಮುರಿಯಿತು. ಪ್ಲೇಟು, ಸ್ಕ್ರೂ ಹಾಕಿದರು. ಖಾಸಗಿ ಆಸ್ಪತ್ರೆಯಲ್ಲಿ ಒಟ್ಟು 2 ಲಕ್ಷ 90 ಸಾವಿರ ಖರ್ಚು. ಅದರಲ್ಲಿ ಒಂದೂವರೆ ಲಕ್ಷ ಸಾಲ, ಮೂರು ರೂಪಾಯಿ ಬಡ್ಡಿಗೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ ಮೂವತ್ತಾರು.

ಆಗಲೂ ಹಿರಿಯರು ಬಂದಿದ್ದರು. ಆಗಲೂ ನಲವತ್ತು ಸಾವಿರವೇ. ಈ ನಲವತ್ತು ಸಾವಿರ ಎಂಬ ಲೆಕ್ಕ ಯಾರು ಮಾಡಿಟ್ಟಿದ್ದಾರೋ, ಆರು ವರ್ಷವಾದರೂ ಬದಲಾಗಿಲ್ಲ ನೋಡಿ.

ಅಲ್ಲಿ ಮೊದಲು ಗೊತ್ತಿರಬೇಕಾದ ಮಾತು ಒಂದಿದೆ. ಕಾರಿಗೆ ವಿಮೆ ಚಾಲ್ತಿಯಲ್ಲಿದ್ದು, ಓಡಿಸಿದವನ ಲೈಸೆನ್ಸು ಸರಿ ಇದ್ದರೆ, ಪರಿಹಾರ ಕೊಡುವುದು ಕಾರಿನವನಲ್ಲ, ವಿಮೆ ಕಂಪನಿ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರುವುದೇ ಅದಕ್ಕೆ. "ಪಾಪ, ಅವರೂ ಮಕ್ಕಳೊಂದಿಗರು, ಯಾಕ ಕೇಸ್ ಮಾಡಬೇಕು" ಎಂದು ಅಕ್ಕ ಅಂದಿದ್ದಳು. ಕೇಸ್ ಮಾಡಿದರೆ ಅವರ ಮನೆ ಮುರಿಯುವುದಿಲ್ಲ. ಅವರು ವರ್ಷಾ ವರ್ಷ ಕಟ್ಟಿದ ಪ್ರೀಮಿಯಂ ಕೆಲಸ ಮಾಡುತ್ತದೆ, ಅಷ್ಟೇ. ಹಿರಿಯರು ತರುವ ದುಡ್ಡು ಕಾಲಿನ ಬೆಲೆಯಲ್ಲ, ಎಫ್‌ಐಆರ್ ಆಗದಿರಲಿ ಎನ್ನುವುದರ ಬೆಲೆ. ಎಫ್‌ಐಆರ್ ತಡವಾದರೆ ಮುಂದೆ ವಿಮೆಯವರು ಕೇಳುವ ಮೊದಲ ಪ್ರಶ್ನೆಯೇ "ಗುದ್ದಿದ್ದು ಇದೇ ಗಾಡಿ ಅನ್ನೋದಕ್ಕೆ ಏನು ಸಾಕ್ಷಿ? ಮಾತಾಡಿಕೊಂಡು ಬೇರೆ ಗಾಡಿ ತಂದಿಟ್ಟಿರಬಾರದೇಕೆ?" ಅದಕ್ಕೇ ದಾಖಲಾಗುವಾಗ ಡಾಕ್ಟರ ಮುಂದೆ "ಗಾಡಿಯಿಂದ ಬಿದ್ದ" ಅಂತ ಹೇಳಿ ಮುಗಿಸಬೇಡಿ. ಕಾರು ಗುದ್ದಿದ್ದರೆ ಕಾರು ಗುದ್ದಿತು ಅಂತಲೇ ಎಂ.ಎಲ್.ಸಿ.ಯಲ್ಲಿ, ಅಂದರೆ ಪೊಲೀಸ್ ಕೇಸಿಗಾಗಿ ಆಸ್ಪತ್ರೆಯವರು ಬರೆದಿಡುವ ದಾಖಲೆಯಲ್ಲಿ, ಬರೆಸಿ. ಆ ಒಂದು ಸಾಲು ಮೂರು ವರ್ಷದ ನಂತರ ಎದುರಿಗೆ ಬಂದು ನಿಲ್ಲುತ್ತದೆ.

ಕೇಸು ಎಲ್ಲಿ ಹಾಕಬೇಕು ಎನ್ನುವುದರಲ್ಲೂ ಜನ ಎಡವುತ್ತಾರೆ. ನಮ್ಮ ಕಲಬುರಗಿ, ಯಾದಗಿರಿ ಕಡೆಯಿಂದ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವವರು ಎಷ್ಟು ಜನ! ಅಲ್ಲಿ ಅಪಘಾತವಾದರೆ ಅಲ್ಲೇ ಕೋರ್ಟಿಗೆ ಅಲೆಯಬೇಕು ಅಂದುಕೊಂಡು ಎಷ್ಟೋ ಜನ ಕೈಬಿಡುತ್ತಾರೆ. ಬೇಕಿಲ್ಲ. ಗಾಯಾಳು ವಾಸ ಇರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಎಂ.ವಿ.ಸಿ., ಅಂದರೆ ವಾಹನ ಅಪಘಾತ ಪರಿಹಾರದ, ಅರ್ಜಿ ಹಾಕಬಹುದು. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲೇ ಅದಕ್ಕೆ ಅವಕಾಶ ಇದೆ.

ಸರಿ, ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಯಾರೋ ನ್ಯಾಯಾಧೀಶರು ಮುಖ ನೋಡಿ ಇಷ್ಟು ಲಕ್ಷ ಅಂತ ಹೇಳುತ್ತಾರೆ ಎಂದೇ ನಾನೂ ತಿಳಿದಿದ್ದೆ. ಹಾಗಲ್ಲ, ಅಲ್ಲಿ ಒಂದು ಗುಣಾಕಾರ ಇದೆ. ತಿಂಗಳ ಆದಾಯವನ್ನು ಹನ್ನೆರಡರಿಂದ ಗುಣಿಸಬೇಕು, ಅದನ್ನು ವಯಸ್ಸಿಗೆ ತಕ್ಕ ಗುಣಕದಿಂದ, ಆಮೇಲೆ ಅಂಗವೈಕಲ್ಯದ ಪ್ರಮಾಣದಿಂದ. ವಯಸ್ಸಿನ ಗುಣಕದ ಪಟ್ಟಿ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನದು. 31ರಿಂದ 35 ವರ್ಷದವರಿಗೆ 16. 51ರಿಂದ 55 ವರ್ಷದವರಿಗೆ 11. ಹೀಗೆ ವಯಸ್ಸು ಏರಿದಂತೆ ಇಳಿಯುತ್ತದೆ. ಇದರ ಜೊತೆಗೆ ಆಸ್ಪತ್ರೆ ಬಿಲ್ಲು, ನೋವು, ಕೆಲಸವಿಲ್ಲದೆ ಮಲಗಿದ ತಿಂಗಳುಗಳ ಕೂಲಿ, ಜೊತೆಗಿದ್ದವರ ಊಟ, ಓಡಾಟ, ಮುಂದಿನ ಆಪರೇಷನ್ ಎಲ್ಲಕ್ಕೂ ಬೇರೆ ಬೇರೆ ಮೊತ್ತ.

ವಯಸ್ಸಿನ ಬಗ್ಗೆ ಯಾರೂ ಜಗಳ ಆಡುವುದಿಲ್ಲ. ಜಗಳ ಇರುವುದೆಲ್ಲ ಉಳಿದ ಎರಡರಲ್ಲಿ.

ಮೊದಲು ಆದಾಯ. ಮಾವ ದಿನಕ್ಕೆ ಎಂಟುನೂರು ದುಡಿಯುತ್ತಿದ್ದರು. ತಿಂಗಳಿಗೆ ಇಪ್ಪತ್ತು ಸಾವಿರಕ್ಕೆ ಮೋಸವಿರಲಿಲ್ಲ. ಆದರೆ ಕಾಗದ ಎಲ್ಲಿದೆ? ಗೌಂಡಿಗೆ ಪಗಾರ ಚೀಟಿ ಯಾರು ಕೊಡುತ್ತಾರೆ? ಶನಿವಾರ ಸಂಜೆ ಕೈಗೆ ಬಂದ ನೋಟು, ಭಾನುವಾರ ಸಂತೆಯಲ್ಲಿ ಕರಗಿದ ನೋಟು. ಬ್ಯಾಂಕಿಗೆ ಹಾಕಿದ್ದೇ ಇಲ್ಲ. ಕಾರ್ಮಿಕ ಕಾರ್ಡೂ ಮಾಡಿಸಿರಲಿಲ್ಲ. ನ್ಯಾಯಮಂಡಳಿ ತಿಂಗಳಿಗೆ 9 ಸಾವಿರ ಎಂದು ಹಿಡಿಯಿತು. ಇದಕ್ಕೆ ಕಾಲ್ಪನಿಕ ಆದಾಯ ಅನ್ನುತ್ತಾರೆ. ಕಲ್ಪನೆಯಲ್ಲೂ ಗೌಂಡಿಗೆ ಅಷ್ಟೇ ಪಗಾರ!

ಆಮೇಲೆ ಡಿಸೆಬಿಲಿಟಿ. ಡಾಕ್ಟರು ಬಲಗಾಲಿಗೆ 36 ಪರ್ಸೆಂಟ್ ಎಂದು ಬರೆದುಕೊಟ್ಟರು. ನಾವು 36 ಅಂತಲೇ ಖುಷಿಯಲ್ಲಿದ್ದೆವು. ಅದು ಒಂದು ಕಾಲಿನ ಲೆಕ್ಕವಂತೆ. ಇಡೀ ದೇಹಕ್ಕೆ ಅಂದಾಗ ಹೆಚ್ಚಾಗಿ ಅದರ ಮೂರನೇ ಒಂದು ಭಾಗ ಹಿಡಿಯುತ್ತಾರೆ. 12 ಪರ್ಸೆಂಟ್ ಆಯಿತು. ನೀವೇ ಗುಣಿಸಿ: 9 ಸಾವಿರ, ಹನ್ನೆರಡು ತಿಂಗಳು, 16, ಅದರಲ್ಲಿ ನೂರಕ್ಕೆ 12. ಬಂದದ್ದು 2 ಲಕ್ಷ 7 ಸಾವಿರ ಚಿಲ್ಲರೆ. ಉಳಿದ ಜೀವಮಾನದ ದುಡಿಮೆಗೆ.

ಫರ್ಸಿ ಹಾಕುವವನನ್ನು ಯಾವತ್ತಾದರೂ ಗಮನಿಸಿದ್ದೀರಾ? ಇಡೀ ದಿನ ಕುಕ್ಕರಗಾಲಲ್ಲಿ. ಕಲ್ಲು ಎತ್ತಿ ಇಡಬೇಕು, ಮೂಲೆಯಲ್ಲಿ ಬಡಿಯಬೇಕು, ಲೆವೆಲ್ ನೋಡಬೇಕು, ಕೂತಲ್ಲೇ ಒಂದು ಗೇಣು ಹಿಂದೆ ಸರಿಯಬೇಕು. ಮತ್ತೆ ಕಲ್ಲು. ಮಾವನ ಮೊಣಕಾಲು ಈಗ ಕುರ್ಚಿಯಲ್ಲಿ ಕೂರುವಷ್ಟು ಮಡಚುತ್ತದೆ, ಅದಕ್ಕಿಂತ ಮುಂದೆ ಹೋಗುವುದಿಲ್ಲ. 2020ರಲ್ಲಿ ಒಂದು ಸಲ ನಮ್ಮ ಮನೆಯ ಅಂಗಳದಲ್ಲೇ ನೋಡಲು ಕೂತರು. ಬಲಗಾಲನ್ನು ಉದ್ದ ಚಾಚಿ, ಎಡಗಾಲಿನ ಮೇಲೆ ಭಾರ ಬಿಟ್ಟು, ಎರಡು ಕಲ್ಲು ಇಟ್ಟರು. ಮೂರನೆಯದಕ್ಕೆ ಕೈ ಊರಿ ಹಿಂದಕ್ಕೆ ಕೂತುಬಿಟ್ಟರು. "ಆಗವಲ್ದು ಬಿಡೋ ತಮ್ಮಾ" ಅಂದರು. ಅಷ್ಟೇ. ಇದು 12 ಪರ್ಸೆಂಟಾ?

ಸುಪ್ರೀಂ ಕೋರ್ಟು 2010ರಲ್ಲೇ ರಾಜ್ ಕುಮಾರ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ದೇಹಕ್ಕೆ ಎಷ್ಟು ಊನ ಆಯಿತು ಎನ್ನುವುದು ಬೇರೆ, ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಎನ್ನುವುದು ಬೇರೆ. ಎಡಗೈ ಹೋದರೆ ಡ್ರೈವರನಿಗೆ, ಬಡಿಗನಿಗೆ ಬಹುಪಾಲು ಎಲ್ಲವೂ ಹೋದ ಹಾಗೆ. ಅದೇ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಆ ತೀರ್ಪಿನಲ್ಲೇ ಈ ಉದಾಹರಣೆ ಇದೆ. ಆದರೆ ಇವನು ಮಾಡುವ ಕೆಲಸ ಎಂಥದು ಎಂದು ನಮ್ಮ ಕಡೆಯಿಂದ ಯಾರಾದರೂ ಕೋರ್ಟಿನಲ್ಲಿ ಬಿಡಿಸಿ ಹೇಳಿದರೆ ತಾನೇ? ಅಫಿಡವಿಟ್‌ನಲ್ಲಿ ಇದ್ದದ್ದು "ಅರ್ಜಿದಾರ ಗೌಂಡಿ ಕೆಲಸ ಮಾಡುತ್ತಿದ್ದು" ಎಂಬ ಒಂದೇ ಸಾಲು. ಕುಕ್ಕರಗಾಲಿನ ಮಾತೇ ಇಲ್ಲ. ಪಾಟೀಸವಾಲಿನಲ್ಲಿ ವಿಮೆ ವಕೀಲರು ಕೇಳಿದರು: "ಈಗ ಮೆಟ್ಟಿಲು ಹತ್ತಿಕೊಂಡೇ ಬಂದಿರಲ್ಲ?" ಮಾವ "ಹೌದ್ರಿ" ಅಂದರು. ಮೆಟ್ಟಿಲ ಪಕ್ಕದ ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿದ್ದು ಹೇಳಬೇಕು ಅನ್ನುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿತ್ತು. ದಾಖಲೆಯಲ್ಲಿ ಉಳಿದದ್ದು ಆ "ಹೌದು" ಮಾತ್ರ.

ಇನ್ನು ಎಷ್ಟು ದಿನ ಹಿಡಿಯುತ್ತದೆ ಅನ್ನುವುದು. ನಮ್ಮ ಅರ್ಜಿ ಬಿದ್ದದ್ದು 2019ರ ಜುಲೈಯಲ್ಲಿ. ಕಾರಿನ ಮಾಲೀಕ ಮನೆ ಬದಲಿಸಿದ್ದ, ನೋಟಿಸ್ ಮುಟ್ಟಲು ಐದು ತಿಂಗಳು. ಆಮೇಲೆ ಲಾಕ್‌ಡೌನ್. ಆಮೇಲೆ ಡಾಕ್ಟರ ಸಾಕ್ಷಿ. ಅವರಿಗೆ ಆ ದಿನ ಆಪರೇಷನ್, ಮುಂದಿನ ದಿನ ಮತ್ತೊಂದು. ಅವರನ್ನು ಬೈಯಲೂ ಮನಸ್ಸಾಗುವುದಿಲ್ಲ, ಕೋರ್ಟಿಗೆ ಬಂದು ಕೂತರೆ ಅಲ್ಲಿ ರೋಗಿಗಳು ಕಾಯಬೇಕು. ಈ ನಡುವೆ 2021ರಲ್ಲಿ ಲೋಕ್ ಅದಾಲತ್‌ಗೆ ಹೋದೆವು. ಶನಿವಾರ. ವಿಮೆ ಅಧಿಕಾರಿ ಫೈಲು ತಿರುವಿ "ಒಟ್ಟು ನಾಲ್ಕೂಕಾಲು ಲಕ್ಷ, ಇವತ್ತೇ ಮುಗಿಸೋಣ" ಅಂದರು.

ಲೋಕ್ ಅದಾಲತ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಣ್ಣ ಗಾಯ, ಎಲುಬು ಸರಿಯಾಗಿ ಕೂಡಿದೆ, ಕೆಲಸಕ್ಕೆ ತೊಂದರೆ ಇಲ್ಲ ಅಂದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಅಲ್ಲಿ ಸಹಿ ಬಿದ್ದರೆ ಮುಗಿಯಿತು, ಮೇಲ್ಮನವಿ ಇಲ್ಲ. ಅಕ್ಕ ನನ್ನ ಕೈ ಹಿಡಿದು ಹೊರಗೆ ಕರೆದಳು. "ತಗೊಂಡ್ ಬಿಡೋಣೋ. ತಿಂಗಳಿಗೆ ನಾಲ್ಕೂವರೆ ಸಾವಿರ ಬರೇ ಬಡ್ಡಿ ಹೊಂಟದ. ನಿನಗೇನ್ ಗೊತ್ತು?" ಅಂದಳು. ನನಗೆ ಉತ್ತರ ಇರಲಿಲ್ಲ. ಬೇಡ ಅಂದೆ. ಆ ವರ್ಷ ಅವಳು ಕೊರಳಿನ ಸರ ಮಾರಿದಳು.

ತಡದ ಬಗ್ಗೆ ಎಲ್ಲರೂ ಗೊಣಗುತ್ತಾರೆ, ಆದರೆ ಈ ಬಡ್ಡಿಯ ಲೆಕ್ಕ ಯಾರೂ ಮಾಡುವುದಿಲ್ಲ. ನಾನು ಈ ಪೋಸ್ಟ್ ಬರೆಯುತ್ತಿರುವುದೇ ಅದಕ್ಕೆ. ಕೋರ್ಟು ಪರಿಹಾರದ ಮೇಲೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಕೊಡಿಸುತ್ತದೆ. ನಮ್ಮಲ್ಲಿ ಹೆಚ್ಚಾಗಿ ವರ್ಷಕ್ಕೆ ಆರು ಪರ್ಸೆಂಟ್. ಸಾಹುಕಾರ ತೆಗೆದುಕೊಳ್ಳುವುದು ಮೂವತ್ತಾರು. ಒಂದೂವರೆ ಲಕ್ಷಕ್ಕೆ ಕೋರ್ಟಿನ ಬಡ್ಡಿ ವರ್ಷಕ್ಕೆ 9 ಸಾವಿರ, ಸಾಹುಕಾರನ ಬಡ್ಡಿ 54 ಸಾವಿರ. ಸಾಲ ತೀರುವ ಹೊತ್ತಿಗೆ ಬಡ್ಡಿಯೇ 2 ಲಕ್ಷ 30 ಸಾವಿರ ದಾಟಿತ್ತು. ವಿಮೆ ಕಂಪನಿಗೆ ತಡ ಅಂದರೆ ಆರು ಪರ್ಸೆಂಟಿನ ಸಾಲ. ಬಡವನಿಗೆ ತಡ ಅಂದರೆ ಮೂವತ್ತಾರರ ಸಾಲ. ಇಬ್ಬರೂ ಒಂದೇ ಮೇಜಿನ ಎದುರು ಕೂತು "ರಾಜಿ" ಮಾತಾಡಿದರೆ ಯಾರು ಮೊದಲು ಸೋಲುತ್ತಾರೆ? ಗಾಯದ ಬೆಲೆ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಯಾರಿಗೆ ಎಷ್ಟು ದಿನ ತಡೆಯಲು ಆಗುತ್ತದೆ ಅನ್ನುವುದೇ ಬೆಲೆ. ಇದನ್ನು ಸ್ವಂತ ಇಷ್ಟದ ರಾಜಿ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

2022ರ ನವೆಂಬರ್‌ನಲ್ಲಿ ತೀರ್ಪು ಬಂತು. ಎಲ್ಲ ಸೇರಿ 6 ಲಕ್ಷ 28 ಸಾವಿರ ಮತ್ತು ಬಡ್ಡಿ. ಖರ್ಚಾದ 2 ಲಕ್ಷ 90 ಸಾವಿರದಲ್ಲಿ 2 ಲಕ್ಷ 40 ಸಾವಿರಕ್ಕೆ ಮಾತ್ರ ಬಿಲ್ಲು ಇತ್ತು, ಉಳಿದದ್ದು ಗಾಳಿಗೆ. ಔಷಧಿ ಅಂಗಡಿಯವ "ಬಿಲ್ ಬೇಕೇನ್ರಿ?" ಅಂದಾಗ "ಬ್ಯಾಡ ಬಿಡ್ರಿ" ಅಂದದ್ದು ನಾನೇ. ಆ ಹಣ ಕೈಗೆ ಬಂದಾಗ 2023ರ ಮಧ್ಯ. ಅರ್ಧ ಎಫ್‌ಡಿ, ಅರ್ಧದಲ್ಲಿ ಸಾಹುಕಾರನ ಋಣ ಮುಗಿಯಿತು.

ಹೆಚ್ಚಿನ ಪರಿಹಾರಕ್ಕೆ ಹೈಕೋರ್ಟಿಗೆ ಹೋದೆವು. ತೀರ್ಪಿನಿಂದ 90 ದಿನದೊಳಗೆ ಮೇಲ್ಮನವಿ ಹಾಕಬೇಕು. ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇರುವುದು ದೊಡ್ಡ ಉಪಕಾರ. 2008ಕ್ಕಿಂತ ಮೊದಲಾಗಿದ್ದರೆ ಬೆಂಗಳೂರಿಗೆ ಹೋಗಬೇಕಿತ್ತು. ಈ ಸಲ ನಮ್ಮ ವಕೀಲರು ಕುಕ್ಕರಗಾಲಿನ ವಿಷಯ ಹಿಡಿದರು. ಹೈಕೋರ್ಟು ಆದಾಯವನ್ನು ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಚಾರ್ಟ್ ಪ್ರಕಾರ ಏರಿಸಿತು. ಈ ಚಾರ್ಟಿನಲ್ಲಿ ಅಪಘಾತ ನಡೆದ ವರ್ಷಕ್ಕೆ ಇಷ್ಟು ಆದಾಯ ಅಂತ ಇರುತ್ತದೆ. 12 ಪರ್ಸೆಂಟ್ ಹೋಗಿ 20 ಆಯಿತು. 2 ಲಕ್ಷ 7 ಸಾವಿರ ಇದ್ದ ಬಾಬ್ತು ಐದು ಲಕ್ಷ ದಾಟಿತು. ಒಟ್ಟು ಒಂಬತ್ತೂವರೆ ಲಕ್ಷದ ಆಸುಪಾಸು, ಬಡ್ಡಿ ಬೇರೆ. ಆದೇಶ 2024ರ ಆಗಸ್ಟ್, ಹಣ ಬಂದದ್ದು 2025ರ ಜನವರಿ. ನಾಲ್ಕೂಕಾಲು ಲಕ್ಷ ಬೇಡ ಅಂದದ್ದು ಲೆಕ್ಕದಲ್ಲಿ ಸರಿಯಾಯಿತು. ಅಕ್ಕನ ಸರದ ಮಾತು ಮನೆಯಲ್ಲಿ ಈಗಲೂ ಯಾರೂ ಎತ್ತುವುದಿಲ್ಲ.

ಈಗ ಕಾನೂನು ಸ್ವಲ್ಪ ಬದಲಾಗಿದೆ. 2022ರ ಏಪ್ರಿಲ್ 1ರ ನಂತರದ ಅಪಘಾತಗಳಿಗೆ ಪೊಲೀಸರು 48 ಗಂಟೆಯಲ್ಲಿ ಮೊದಲ ವರದಿ, 90 ದಿನದಲ್ಲಿ ವಿವರವಾದ ವರದಿ ನ್ಯಾಯಮಂಡಳಿಗೆ ಕೊಡಬೇಕು. ವಿಮೆಯವರು 30 ದಿನದೊಳಗೆ ತಾವು ಕೊಡುವ ಮೊತ್ತ ಹೇಳಬೇಕು. ಒಪ್ಪಿದರೆ ಇನ್ನೊಂದು 30 ದಿನದಲ್ಲಿ ಹಣ. ಕಾಗದದ ಮೇಲೆ ಚೆಂದ ಇದೆ. ಒಪ್ಪದಿದ್ದರೆ ಮತ್ತೆ ಅದೇ ಹಳೆ ದಾರಿ. ಅರ್ಜಿ ಹಾಕಲು ಆರು ತಿಂಗಳ ಗಡುವೂ ಬಂದಿದೆ. ಅದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿದೆ, ಆದರೆ ಅದನ್ನು ನಂಬಿ ಕೂರಬೇಡಿ, ಆರು ತಿಂಗಳೊಳಗೇ ಹಾಕಿ. ಗುದ್ದಿ ಓಡಿಹೋದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ಕೊಡುವ ಬೇರೆ ಯೋಜನೆ ಇದೆ. 2025ರ ಮೇ ತಿಂಗಳಿಂದ ಗಾಯಾಳುವಿಗೆ ಅಪಘಾತದ ದಿನದಿಂದ ಏಳು ದಿನ, ಒಂದೂವರೆ ಲಕ್ಷದವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ದುಡ್ಡು ಕಟ್ಟದೆ ಚಿಕಿತ್ಸೆ ಸಿಗುವ ಯೋಜನೆಯೂ ಬಂದಿದೆ. ನಮ್ಮ ಸಾಲವೂ ಸರಿಯಾಗಿ ಒಂದೂವರೆ ಲಕ್ಷವೇ ಇತ್ತು. ಓದಿದ ದಿನ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಆಳಂದದ ಹುಡುಗನಿಗೆ ಹೇಳಿದ್ದು ಇಷ್ಟು: ಇವತ್ತೇ ಕಂಪ್ಲೇಂಟ್ ಕೊಡು. ಹತ್ತು ರೂಪಾಯಿ ಗುಳಿಗೆಗೂ ಬಿಲ್ ತಗೋ. ಅಪ್ಪ ಯಾರ ಹತ್ತಿರ ಕೆಲಸ ಮಾಡುತ್ತಿದ್ದರೋ ಅವರನ್ನು ಸಾಕ್ಷಿಗೆ ಕೇಳಿಕೋ. ಎಲುಬು ಕೂಡುವವರೆಗೆ ಯಾವ ಮೊತ್ತಕ್ಕೂ ಹೂಂ ಅನ್ನಬೇಡ. ಬಡ್ಡಿ ಸಾಲ ತೆಗೆಯುವ ಮುಂಚೆ ಆ ಏಳು ದಿನದ ಯೋಜನೆ ಆಸ್ಪತ್ರೆಯಲ್ಲಿ ವಿಚಾರಿಸು. ಸಂಜೆ ಅವನೇ ಎಫ್‌ಐಆರ್ ಫೋಟೋ ವಾಟ್ಸಾಪ್ ಮಾಡಿದ್ದ. ಗಾಡಿ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು. ನಾಳೆ ಬೆಳಿಗ್ಗೆಯೇ ಹೋಗಿ ತಿದ್ದಿಸಲು ಅರ್ಜಿ ಕೊಡು ಅಂದೆ.

ಮಾವ ಈಗ ಸಣ್ಣ ಗುತ್ತಿಗೆ ಹಿಡಿಯುತ್ತಾರೆ. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಹುಡುಗರಿಂದ ಫರ್ಸಿ ಹಾಕಿಸುತ್ತಾರೆ. ಕಾಲಿನ ಪ್ಲೇಟು ಇನ್ನೂ ಒಳಗೇ ಇದೆ. ಅದನ್ನು ತೆಗೆಸಲು ಕೋರ್ಟು ಕೊಟ್ಟದ್ದು 30 ಸಾವಿರ, ಈಗ ಆಸ್ಪತ್ರೆಯವರು ಹೇಳುತ್ತಿರುವುದು ಅದರ ಎರಡರಷ್ಟು. "ತೊಗರಿ ರಾಶಿ ಆಗ್ಲಿ, ಆಮ್ಯಾಲ ನೋಡೋಣು" ಅನ್ನುತ್ತಾರೆ. ಹೋದ ವರ್ಷವೂ ಹಾಗೇ ಅಂದಿದ್ದರು.