ನೋಡೋಕೆ ಬರೋರು, ಡಬ್ಬಿ ಇಟ್ಟು ಹೋಗೋರು

ಹೋದ ಚಳಿಗಾಲದಲ್ಲಿ ನಮ್ಮ ಪಕ್ಕದ್ಮನೆ ಅಜ್ಜನಿಗೆ ಬೈಪಾಸ್ ಆಯ್ತು. ಗಂಡ ಹೆಂಡ್ತಿ ಇಬ್ರೂ ಲೂಥರನ್ ಚರ್ಚಿನವ್ರು, ಅಮೆರಿಕದ ಈ ಮಿನಿಯಾಪೊಲಿಸ್‌ನಲ್ಲೇ ಹುಟ್ಟಿ ಬೆಳೆದವ್ರು. ಅವ್ರ ಚರ್ಚಿನವ್ರು ಊಟಕ್ಕೆ ಒಂದು ಲಿಸ್ಟ್ ಮಾಡಿದ್ರು, ಯಾವ ದಿನ ಯಾರು ಏನು ಅಂತ, ನಾವೂ ಸುಮ್ನಿರೋದು ಸರಿಯಲ್ಲ ಅಂತ ನನ್ನ ಹೆಂಡ್ತಿ ಒಂದು ಗುರುವಾರ ಹಿಡ್ಕೊಂಡು ಬಿಸಿಬೇಳೆಬಾತ್ ಅಂತ ಬರೆದ್ಲು. ಅವತ್ತೇ ಸಂಜೆ ಲಿಸ್ಟ್ ನೋಡ್ಕೊಳ್ಳೋ ಹೆಂಗಸಿನ ಫೋನು. ಭಾರೀ ನಯವಾಗೇ ಕೇಳಿದ್ರು, ಒಂದು ಬಟ್ಟಲಿಗೆ ಉಪ್ಪು ಎಷ್ಟು ಬೀಳುತ್ತೆ ಅಂತ. ನನ್ನ ಹೆಂಡ್ತಿಗೆ ಚುರುಕ್ ಅಂತು. ಉಪ್ಪು ಅಂದ್ರೆ ರುಚಿಗೆ ತಕ್ಕಷ್ಟು, ಅದನ್ನ ಮಿಲಿಗ್ರಾಂ ಲೆಕ್ಕದಲ್ಲಿ ಕೇಳಿದ್ರೆ ಏನಂತ ಹೇಳೋದು? ಅಜ್ಜನಿಗೆ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ದಾಟಬಾರ್ದು ಅಂದಿದ್ರಂತೆ ಡಾಕ್ಟ್ರು, ಒಂದು ಟೀ ಚಮಚ ಉಪ್ಪಲ್ಲೇ ಸುಮಾರು 2300 ಇರುತ್ತೆ. ಹಪ್ಪಳ ಉಪ್ಪಿನಕಾಯಿ ಮನೇಲೇ ಉಳೀತು, ಉಪ್ಪು ಕಮ್ಮಿ ಮಾಡಿ ನಿಂಬೆರಸ ಜಾಸ್ತಿ ಹಿಂಡಿದ್ದಾಯ್ತು.

ಆದ್ರೆ ಆ ಲಿಸ್ಟ್ ಪೂರ್ತಿ ಓದಿದ್ಮೇಲೆ ನನಗೆ ಕೋಪ ಹೋಗಿ ಹೊಟ್ಟೆಕಿಚ್ಚು ಶುರುವಾಯ್ತು.

ಊಟ ಬರೀ ಒಂದು ಭಾಗ. ಬೈಪಾಸಲ್ಲಿ ಎದೆಮೂಳೆ ಸೀಳಿ ಮತ್ತೆ ಸ್ಟೀಲ್ ತಂತಿ ಹಾಕಿ ಬಿಗಿದಿರ್ತಾರೆ, ಅದು ಕೂಡ್ಕೊಳ್ಳೋಕೆ ಆರರಿಂದ ಎಂಟು ವಾರ, ಅಷ್ಟು ದಿನ ಒಂದು ಗ್ಯಾಲನ್, ಅಂದ್ರೆ ಸುಮಾರು ನಾಲ್ಕು ಲೀಟರ್, ಹಾಲಿನ ಕ್ಯಾನ್‌ಗಿಂತ ಭಾರ ಎತ್ತಂಗಿಲ್ಲ, ಕಾರು ಓಡ್ಸಂಗಿಲ್ಲ. ಜನವರಿ ತಿಂಗಳು ಬೇರೆ, ಇಲ್ಲಿ ಹಿಮ ಬೀಳೋದು ನಿಂತ 24 ಗಂಟೆಯೊಳಗೆ ಮನೆ ಮುಂದಿನ ಫುಟ್‌ಪಾತ್ ಕ್ಲೀನ್ ಆಗಿರ್ಬೇಕು ಅಂತ ಸಿಟಿ ರೂಲು. ಬೆಳಗಿನ ಜಾವ ಚರ್ಚಿನ ಇಬ್ರು ಹೈಸ್ಕೂಲ್ ಹುಡುಗ್ರು ಹಿಮ ತೆಗೆಯೋ ಸ್ನೋಬ್ಲೋವರ್ ಮಿಷನ್ ತಳ್ಕೊಂಡು ಬರೋರು, ಬೆಲ್ಲೂ ಮಾಡ್ತಿರಲಿಲ್ಲ, ಗುಡಿಸಿ, ಮಂಜು ಕರಗಲಿ ಅಂತ ಉಪ್ಪೆರಚಿ ಹೋಗ್ಬಿಡೋರು. ಆಮೇಲೆ ಕಾರ್ಡಿಯಾಕ್ ರಿಹ್ಯಾಬ್, ಅಂದ್ರೆ ಹೃದಯಕ್ಕೆ ಮತ್ತೆ ಬಲ ಬರೋಕೆ ಆಸ್ಪತ್ರೆಯವ್ರು ಮಾಡ್ಸೋ ವ್ಯಾಯಾಮ, ವಾರಕ್ಕೆ ಮೂರು ಸಲ, ಒಟ್ಟು 36 ಸೆಷನ್. ಅದಕ್ಕೆ ರಿಟೈರ್ ಆದ ಗಂಡಸರು ಪಾಳಿ ಹಾಕ್ಕೊಂಡಿದ್ರು. ಏರ್‌ಬ್ಯಾಗ್ ಎದೆಗೆ ಬಡೀಬಾರ್ದು ಅಂತ ಅಜ್ಜನ್ನ ಹಿಂದಿನ ಸೀಟಲ್ಲಿ ಕೂರ್ಸಿ, ಕೆಮ್ಮು ಬಂದ್ರೆ ಅವುಚಿಕೊಳ್ಳೋಕೆ ಒಂದು ದಿಂಬು ಕೈಗೆ ಕೊಟ್ಟು ಕರ್ಕೊಂಡೋಗೋರು.

ಅಜ್ಜ ಆ ದಿಂಬು ಹಿಡ್ಕೊಂಡೇ ನನಗೆ ಕತೆ ಹೇಳೋರು. 1952ರಲ್ಲಿ ಇಲ್ಲಿನ ಯೂನಿವರ್ಸಿಟೀಲೇ ಜಾನ್ ಲೂಯಿಸ್ ಅನ್ನೋ ಡಾಕ್ಟ್ರು ಐದು ವರ್ಷದ ಮಗು ಮೈಯನ್ನ ತಣ್ಣಗೆ ಮಾಡಿ, ಹೃದಯ ತೆರೆದು ತೂತು ಮುಚ್ಚಿದ್ರು, ಅಂಥದ್ದು ಅದೇ ಮೊದಲು. ಚಳಿ ಹಿಡಿಸೋದ್ರಲ್ಲಿ ನಮ್ಮೂರನ್ನ ಮೀರ್ಸೋರಿಲ್ಲ ಅಂತ ನಗೋರು, ನಕ್ರೆ ಎದೆ ನೋಯೋದು, ಮತ್ತೆ ದಿಂಬು.

ಅವರ ಕಾಲ ಮೇಲೊಂದು ಕೌದಿ. ಅದರ ತುಂಬಾ ಸಣ್ಣ ಸಣ್ಣ ದಾರದ ಗಂಟು. ಆಪರೇಷನ್ನಿಗೆ ಮುಂಚಿನ ಭಾನುವಾರ ಚರ್ಚಲ್ಲಿ ಟೇಬಲ್ ಮೇಲೆ ಹಾಸಿದ್ರಂತೆ, ಒಬ್ಬೊಬ್ರು ಬಂದು ಪ್ರಾರ್ಥನೆ ಮಾಡಿ ಒಂದೊಂದು ಗಂಟು ಹಾಕಿದ್ದು. ಒಂದು ಮೂಲೇಲಿ ಗಂಟು ವಾರೆ ವಾರೆ ಇದ್ವು, ಅದು ಸಂಡೇ ಸ್ಕೂಲ್ ಮಕ್ಕಳದ್ದು.

ಇಷ್ಟಾದ್ರೂ ಮನೆಯೊಳಗೆ ಜನ ಮಾತ್ರ ಇಲ್ಲ. ಊಟ ತಂದೋರು ಬಾಗಿಲ ಹತ್ರ ಇಟ್ಟಿರೋ ಕೂಲರ್ ಬಾಕ್ಸಲ್ಲಿ ಹಾಟ್‌ಡಿಶ್ (ಓವನ್ನಲ್ಲಿ ಬೇಯಿಸೋ ಇಲ್ಲಿನ ಊಟ) ಇಟ್ಟು ಹೋಗ್ಬೇಕು. ಅದೂ ವಾಪಸ್ ಕೊಡಬೇಕಿಲ್ಲದ ಅಲ್ಯೂಮಿನಿಯಂ ಟ್ರೇನಲ್ಲಿ, ಪಾತ್ರೆ ತೊಳೆದು ಕೊಡೋ ಕೆಲಸ ಅಜ್ಜಿಗೆ ಬರಬಾರ್ದು ಅಂತ. ಅಜ್ಜಿ ಕೈಗೆ ಸಂಧಿವಾತ. ಅವರು ನನ್ನ ಹೆಂಡ್ತಿ ಹತ್ರ ಹೇಳಿದ್ರಂತೆ, ಮದುವೆಯಾದಾಗಿನಿಂದ ಇಷ್ಟು ದಿನ ಒಟ್ಟಿಗೆ ಒಲೆ ಹಚ್ಚದೆ ಇದ್ದಿದ್ದು ಇದೇ ಮೊದಲು ಅಂತ. ಈ ಮಾತು ನನ್ನ ಬಿಡ್ತಾ ಇಲ್ಲ.

ಯಾಕಂದ್ರೆ ನಮ್ಮಪ್ಪಂಗೂ ಇದೇ ಆಪರೇಷನ್ ಆಗಿತ್ತು, ಬೆಂಗಳೂರಲ್ಲಿ ಮಾಡ್ಸಿ ತಿಪಟೂರಿಗೆ ಕರ್ಕೊಂಡು ಬಂದ್ವಿ. ಬಂದ ಮಾರನೇ ದಿನದಿಂದ ನೋಡೋಕೆ ಬರೋ ಜನ. ತೆಂಗಿನ ತೋಟ ಇರೋ ಮನೆಗೆ ಎಳನೀರು ಹಿಡ್ಕೊಂಡು ಬಂದ್ರು ಸ್ವಾಮಿ! ಹಾರ್ಲಿಕ್ಸ್ ಬಾಟ್ಲು ಶೋಕೇಸ್ ತುಂಬ್ತು. ಒಬ್ರು ಶರ್ಟ್ ಬಿಚ್ಚಿ ತೋರ್ಸು ಹೊಲಿಗೆ ನೋಡಣ ಅನ್ನೋರು, ಇನ್ನೊಬ್ರು ನಮ್ಮ ಷಡ್ಡಕನಿಗೂ ಹಿಂಗೇ ಆಗಿತ್ತು ಪಾಪ ವರ್ಷ ತುಂಬಲಿಲ್ಲ ಅನ್ನೋರು, ಅಪ್ಪ ಎದೆ ಹಿಡ್ಕೊಂಡು ಸೋಫಾದಲ್ಲಿ ನೆಟ್ಟಗೆ ಕೂತಿರ್ಬೇಕು, ಮಲಗಿದ್ರೆ ಅಮ್ಮನೇ ಹೋಗಿ ಎಬ್ಬಿಸೋಳು, ಬಂದವ್ರಿಗೆ ಬೇಜಾರಾಗಬಾರ್ದಲ್ಲ. ಬಂದವ್ರಿಗೆಲ್ಲ ಕಾಫಿ, ದೂರದಿಂದ ಬಂದಿದ್ರೆ ಉಪ್ಪಿಟ್ಟು, ಮಧ್ಯಾಹ್ನ ಆಗಿದ್ರೆ ಊಟ. ಡಿಕಾಕ್ಷನ್ ಮೂರು ಸಲ ಇಳಿಸ್ತಿದ್ಲು. ಅಪ್ಪ ವಾಸಿಯಾಗೋ ಹೊತ್ತಿಗೆ ಅಮ್ಮನಿಗೆ ಬಿಪಿ ಮಾತ್ರೆ ಶುರುವಾಗಿತ್ತು. ಬಂದವ್ರಲ್ಲಿ ಒಬ್ಬರೂ, ಒಬ್ಬರಂದ್ರೆ ಒಬ್ಬರೂ, ಕುಡಿದ ಲೋಟ ತೊಳೆದಿಡಲಿಲ್ಲ. ಹೇಳಿದ್ರೆ ನಮ್ಮೋರಿಗೆ ಸಿಟ್ಟು ಬರುತ್ತೆ, ಪ್ರೀತಿಯಿಂದ ಬಂದಿದ್ರು ಅಂತಾರೆ. ಪ್ರೀತಿ ಇರಲಿ, ಲೋಟ ಯಾರು ತೊಳೀಬೇಕು?

ಈ ಚರ್ಚಿನವ್ರ ಲಿಸ್ಟ್ ವಿಷಯಾನ ಫೋನಲ್ಲಿ ಅಮ್ಮನಿಗೆ ವರ್ಣಿಸಿ ವರ್ಣಿಸಿ ಹೇಳ್ದೆ. ಎಲ್ಲ ಕೇಳ್ಕೊಂಡು ಅವಳು ಅಂದಿದ್ದು, "ಅಯ್ಯೋ ಪಾಪ, ಯಾರೂ ಒಳಗೇ ಬರಲ್ವೇನೋ?"

ಸರಿ, ಅದೂ ಇದೆ. ಅಪ್ಪಂಗೆ ರಕ್ತ ಬೇಕು ಅಂದಾಗ ಊರಿಂದ ಹುಡುಗ್ರು ಟೆಂಪೋ ಮಾಡ್ಕೊಂಡು ಬಂದು ಕೊಟ್ಟಿದ್ರು, ಯಾವ ಲಿಸ್ಟೂ ಇರಲಿಲ್ಲ. ಚಿಕ್ಕಪ್ಪನ ಮಗ ಐಸಿಯು ಹೊರಗೆ ಕಾರಿಡಾರಲ್ಲಿ ಚಾಪೆ ಹಾಸ್ಕೊಂಡು ಬಿದ್ದಿದ್ದ. ಕಾಫಿ ಕುಡಿದು ಹೋದವ್ರಲ್ಲೇ ಕೆಲವ್ರು ಅಪ್ಪನ ದಿಂಬಿನ ಕೆಳಗೆ ದುಡ್ಡಿಟ್ಟು ಹೋಗಿದ್ರು, ಇದನ್ನ ಅಮ್ಮ ಈಗಲೂ ನೆನೀತಾಳೆ. ಇಲ್ಲಿ ಅಜ್ಜನ ಮಗ ಟೆಕ್ಸಾಸಿಂದ ಬಂದವನು ಅದೇ ವಾರ ವಾಪಸ್ ಹೋದ. ಇನ್ನು ನಮ್ಮ ಎಡಗಡೆ ಮನೇಲಿರೋ ಒಂಟಿ ಮನುಷ್ಯ ಚರ್ಚು ಗಿರ್ಚು ಅಂತ ಹೋಗೋನಲ್ಲ, ಅವನಿಗೆ ಮಂಡಿ ಆಪರೇಷನ್ ಆದಾಗ ಹಿಮ ತಾನೇ ತಳ್ಳೋಕೆ ಹೊರಗೆ ಬಂದಿದ್ದ, ನಾನು ನೋಡಿ ಹೋಗಿ ತಳ್ಳಿದ್ದು. ಮಂಗಳೂರಿನ ಗೆಳೆಯನಿಗೆ ಹೇಳಿದ್ರೆ ಅವನು ನಕ್ಕ, ಅವರ ಇಗರ್ಜೀಲಿ, ಅಂದ್ರೆ ಚರ್ಚಲ್ಲಿ, ವಾರ್ಡ್ ವಾರ್ಡಿಗೂ ಗುರ್ಕಾರ್ ಅಂತ ಮುಖಂಡರು ಇರ್ತಾರಂತೆ, ಯಾರ ಮನೇಲಿ ಯಾರು ಮಲಗಿದ್ದಾರೆ ಅಂತ ಅವರಿಗೆ ಗೊತ್ತಿರುತ್ತಂತೆ, ಇದೇನು ಅಮೆರಿಕದ್ದು ಅಂತೀಯಾ ಅಂದ.

ಆದ್ರೂ ನಾನು ಅಮ್ಮನ ಲೋಟ ಮರೆಯೋನಲ್ಲ. ಲಿಸ್ಟ್ ಮಾಡೋದು ನಮ್ಮ ಕೈಲಿ ಆಗದ ಕೆಲಸ ಅಂತೂ ಅಲ್ಲ. ಇಲ್ಲಿನ ನಮ್ಮ ಕನ್ನಡದವರೇ ಯುಗಾದಿ ಪಾಟ್‌ಲಕ್‌ಗೆ ಹೋಳಿಗೆ ಯಾರು, ಕೋಸಂಬರಿ ಯಾರು, ಎಲೆ ಯಾರು ತರೋದು ಅಂತ ಸ್ಪ್ರೆಡ್‌ಶೀಟ್ ಮಾಡ್ತಾರೆ, ಬಣ್ಣ ಬಣ್ಣದ ಕಾಲಂ ಬೇರೆ. ಅದೇ ಗುಂಪಲ್ಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಕೈಮುಗಿಯೋ ಸ್ಟಿಕ್ಕರ್ ಸಾಲಾಗಿ ಬರುತ್ತೆ, ಅಷ್ಟೇ. ಆ ಶೀಟಲ್ಲೇ ಕಾಯಿಲೆಗೂ ಒಂದು ಪುಟ ಇಡೋಣ, ಊಟ, ಕಾರು, ಹಿಮ, ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರೋದು ಎಲ್ಲ ಬರೆಯೋಣ ಅಂತ ಮೀಟಿಂಗಲ್ಲಿ ಎತ್ತಿದೆ. ಮೊದಲ ಪ್ರಶ್ನೆ, ಈರುಳ್ಳಿ ಬೆಳ್ಳುಳ್ಳಿ ಹಾಕದವ್ರಿಗೆ ಬೇರೆ ಕಾಲಂ ಬೇಕಲ್ವಾ ಅಂತ. ಬೇಕು ಅಂದೆ. ಯುಗಾದಿ ಮುಗೀಲಿ, ನೋಡೋಣ ಅಂದಿದ್ದಾರೆ.