ಒಂದು ಅಲ್ಪವಿರಾಮ ಹಾಕಿದ್ರೆ ಗಂಟೇನು ಹೋಗುತ್ತೆ?

ಮೊನ್ನೆ ನಮ್ಮ ಜಯನಗರದ ಅಪಾರ್ಟ್‌ಮೆಂಟಿನ ವಾಟ್ಸ್ಯಾಪಿಗೆ ಒಂದು ಮೆಸೇಜ್ ಬಂತು: 'ನಾಳೆ ನೀರು ಬರಲ್ಲ ಸಂಜೆ ತನಕ ಟ್ಯಾಂಕರ್ ಇರುತ್ತೆ'.

ಸಂಜೆ ತನಕ ಇಲ್ಲದಿರೋದು ನೀರಾ, ಇರೋದು ಟ್ಯಾಂಕರಾ? 'ಬರಲ್ಲ' ಆದಮೇಲೆ ಒಂದು ಚುಕ್ಕಿ ಇಟ್ಟಿದ್ದರೆ ಟ್ಯಾಂಕರ್ ಸಂಜೆವರೆಗೆ. 'ತನಕ' ಆದಮೇಲೆ ಇಟ್ಟಿದ್ದರೆ ಸಂಜೆಗೆ ಕಾವೇರಿ ವಾಪಸ್. ನಾನು ಎರಡನೆಯದು ಅಂದುಕೊಂಡೆ. ಸಂಜೆ ಏಳಕ್ಕೆ ಮೈಗೆಲ್ಲ ಸೋಪು, ನಲ್ಲಿಯಲ್ಲಿ ಬರೀ ಗಾಳಿ.

ಹಲ್ಮಿಡಿ ಶಾಸನದಲ್ಲಿ ಅಲ್ಪವಿರಾಮ ಇತ್ತಾ ಅಂತ ಕೇಳುತ್ತಾರೆ ಪಕ್ಕದ ಮನೆಯವರು. ಇರಲಿಲ್ಲ, ಒಪ್ಪಿದೆ. ಕನ್ನಡದಲ್ಲಿ 'ಬಂದು', 'ತಿಂದು', 'ಹೋದರೆ' ಅನ್ನೋ ರೂಪಗಳೇ ಒಂದು ಮಾತನ್ನು ಇನ್ನೊಂದಕ್ಕೆ ಕಟ್ಟುತ್ತವೆ. ಅದಕ್ಕೇ ಚಿಹ್ನೆ ಇಲ್ಲದೆಯೂ ಎಷ್ಟೋ ಕಾಲ ನಡೆಯಿತು. ಆದರೆ ನಮ್ಮ ಗ್ರೂಪಿನವರು ಆ ರೂಪಗಳನ್ನೂ ಬಳಸಲ್ಲ, ಚಿಹ್ನೆಯನ್ನೂ ಹಾಕಲ್ಲ. ಸುಮ್ನೆ ಪದ ಸುರಿಯುತ್ತಾರೆ, ಕೆ.ಆರ್. ಮಾರ್ಕೆಟ್ಟಿನಲ್ಲಿ ಈರುಳ್ಳಿ ಸುರಿದ ಹಾಗೆ.

ಇನ್ನು ಕೆಲವರು ಎಲ್ಲದಕ್ಕೂ ಮೂರು ಚುಕ್ಕಿ. 'ಮೀಟಿಂಗ್ ಇದೆ... ಬನ್ನಿ...' ಇದೇನು ಕರೆಯೋ, ಬೆದರಿಕೆಯೋ?

ನಿನ್ನೆ ಸೆಕ್ರೆಟರಿಗೆ ಮೆಲ್ಲಗೆ ಹೇಳಿದೆ. ಉತ್ತರ ಬಂತು: 'ಆಯ್ತು ಸರ್ ಇಲ್ಲ ಇನ್ಮೇಲೆ ಹಾಕ್ತೀವಿ'.