ಪದಾಧಿಕಾರಿಗಳು ಏಳು, ಸಭಿಕ ಒಬ್ಬ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಸಂಘ ಕಟ್ಟಲು ಹೊರಟಾಗ ನಾವು ಏಳು ಜನರಿದ್ದೆವು. ಏಳೇ ಏಕೆಂದರೆ, ನಮ್ಮಲ್ಲಿದ್ದ ವಕೀಲರ ಮಗನೊಬ್ಬ 1960ರ ಸಂಘಗಳ ನೋಂದಣಿ ಕಾಯ್ದೆಯನ್ನು ಓದಿಕೊಂಡು ಬಂದು, ಏಳಕ್ಕಿಂತ ಕಡಿಮೆ ಜನರಿದ್ದರೆ ಅದು ಸಂಘವಲ್ಲ, ಹರಟೆಕಟ್ಟೆ ಎಂದು ಹೆದರಿಸಿದ್ದ. ನೋಂದಣಿಯನ್ನು ನಾವೇನೂ ಮಾಡಿಸಲಿಲ್ಲ. ಆ ಸಂಖ್ಯೆ ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಮೊದಲ ಸಭೆ ಕ್ಯಾಂಟೀನಿನಲ್ಲಿ. ಬೈಟು ಕಾಫಿ ಆರುವ ಮೊದಲೇ ಅಧ್ಯಕ್ಷನಿಂದ ಖಜಾಂಚಿಯವರೆಗೆ, ನಡುವಿನ ಮೂರು ಬಗೆಯ ಕಾರ್ಯದರ್ಶಿಗಳೂ ಸೇರಿ, ಆರು ಹುದ್ದೆಗಳು ಹಂಚಿಹೋದವು. ಉಳಿದವನು ನಾನು.

“ನೀನು ಸಾಮಾನ್ಯ ಸದಸ್ಯನಾಗಿರು. ಯಾರಾದರೂ ಒಬ್ಬರು ಬೇಕಲ್ಲ” ಎಂದರು.

ನನ್ನ ಮುಖ ನೋಡಿ ಅಧ್ಯಕ್ಷನಿಗೆ ಕನಿಕರ ಹುಟ್ಟಿತೇನೋ, ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದವರು 1919ರಲ್ಲೇ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ಹೊರಡಿಸಿದ್ದು ಅವನಿಗೆ ತಟ್ಟನೆ ನೆನಪಾಯಿತು. ನಾನು ಸಂಪಾದಕನಾದೆ. ಪತ್ರಿಕೆ ಇರಲಿಲ್ಲ, ಆ ಮಾತು ಬೇರೆ. ಸದಸ್ಯತ್ವ ಶುಲ್ಕ 50 ರೂಪಾಯಿ, ಪದಾಧಿಕಾರಿಗಳಿಗೆ ವಿನಾಯಿತಿ ಎಂದು ಒಮ್ಮತದ ನಿರ್ಣಯವಾಯಿತು.

ಸಂಪಾದಕನ ತಲೆಗೆ ಬಿದ್ದದ್ದು ಆಹ್ವಾನ ಪತ್ರಿಕೆ. ರಾತ್ರಿಯಿಡೀ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಬೆಳಿಗ್ಗೆ ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಯವನ ಕೈಗಿಟ್ಟು ತಿಂಡಿಗೆ ಹೋದೆ. ಬರುವಷ್ಟರಲ್ಲಿ 100 ಪ್ರತಿ ಸಿದ್ಧವಾಗಿದ್ದವು. ಅವನ ಕಂಪ್ಯೂಟರಿನಲ್ಲಿ ‘ನುಡಿ’ ಇರಲಿಲ್ಲ. ಹಾಳೆಯ ತುಂಬ ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಗೀರು, ಚುಕ್ಕೆ ಹೊತ್ತು ನಿಂತಿದ್ದವು. ‘ನ’ ಇದ್ದಲ್ಲೆಲ್ಲ ಪೌಂಡ್ ಚಿಹ್ನೆ, ‘ಪ’ ಇದ್ದಲ್ಲೆಲ್ಲ ಯೆನ್. ‘ಕನ್ನಡ’ದ ನಟ್ಟನಡುವೆ ಒಂದು ಪೌಂಡ್, ‘ಪದಗ್ರಹಣ’ದ ಹೊಸ್ತಿಲಲ್ಲೇ ಒಂದು ಯೆನ್.

“ಏನೋ ಪ್ರೋಗ್ರಾಮಿನ ಕೋಡ್ ಇರಬೇಕು ಎಂದುಕೊಂಡೆ ಸರ್” ಎಂದ ಅವನು. ಎಂಜಿನಿಯರಿಂಗ್ ಕಾಲೇಜಿನ ಎದುರು ಅಂಗಡಿ ಇಟ್ಟವನನ್ನು ಏನೆಂದು ಬೈಯುವುದು? ಮರುಮುದ್ರಣಕ್ಕೆ ಹಣವಿಲ್ಲದೆ ಅದನ್ನೇ ಹಂಚಿದೆವು. ಸಂಘಕ್ಕೆ ಬಂದ ಮೊದಲ ಹಣವೇ ವಿದೇಶಿ ಎಂದು ಖಜಾಂಚಿ ಹಲುಬಿದ.

ಸಭಾಂಗಣ ಸಿಗಲಿಲ್ಲ. ಬಯಲಿನಲ್ಲಿ ಶಾಮಿಯಾನ ಹಾಕಿಸಿ, 100 ಕುರ್ಚಿ ತರಿಸಿದೆವು. ವೇದಿಕೆಯ ಮೇಲೆ ನಾವು ಏಳು ಜನ ಮತ್ತು ಅತಿಥಿಗಳು. ಕೆಳಗೆ, ಮೂರನೆಯ ಸಾಲಿನಲ್ಲಿ, ಒಬ್ಬರು.

ಅತಿಥಿಗಳು “ಸಭಿಕ ಬಂಧುಗಳೇ” ಎಂದು ಆರಂಭಿಸಿ, ಕನ್ನಡಕ ಸರಿಪಡಿಸಿಕೊಂಡು ಕೆಳಗೆ ನೋಡಿ, “ಬಂಧುವೇ” ಎಂದು ತಿದ್ದಿಕೊಂಡರು. ವ್ಯಾಕರಣದಲ್ಲಿ ಅವರು ಬಹಳ ಬಿಗಿ. ಆ ಬಂಧುವಾದರೋ ಪ್ರತಿ ಭಾಷಣಕ್ಕೂ, ಒಮ್ಮೊಮ್ಮೆ ಅದು ಮುಗಿಯುವ ಮೊದಲೇ, ಮನಸಾರೆ ಚಪ್ಪಾಳೆ ತಟ್ಟಿದರು. ವಂದನಾರ್ಪಣೆ ಆದದ್ದೇ ತಡ, ಎದ್ದು ಬಂದು ಕೇಳಿದರು:

“ಮುಗಿಯಿತಲ್ಲ? ಕುರ್ಚಿ ಎತ್ತಿಸಲೇ?”

ಏಳು ಜನರ ಜೇಬು ಜಾಲಾಡಿದರೂ ಬಾಡಿಗೆಗೆ 50 ರೂಪಾಯಿ ಕಡಿಮೆ ಬಿತ್ತು. ಖಜಾಂಚಿ ಒಂದು ಕ್ಷಣ ಯೋಚಿಸಿದ. ಆಮೇಲೆ ಹೊಸ ರಸೀದಿ ಪುಸ್ತಕ ತೆಗೆದು, ಮೊದಲ ಹಾಳೆ ಬಿಡಿಸಿ, ಬಹಳ ವಿನಯದಿಂದ ಅವರ ಹೆಸರು ಕೇಳಿದ.